ಅರ್ಧದಿಂದ ನೋಡಿದರೂ ನಡೆಯುತ್ತದೆ

ಈಗೀಗ ಸಿನಿಮಾಗಳು ಬಿಡುಗಡೆಗೆ ಮೊದಲೇ ಕಲ್ಟ್ ಆಗಿಬಿಡುತ್ತವೆ. ಟೀಸರ್ ಬಂದ ಅರ್ಧ ಗಂಟೆಯಲ್ಲೇ ಕೆಳಗೆ ನೂರಾರು ಜನ ಹಾಗಂತ ಬರೆದಿರುತ್ತಾರೆ. ಅದರ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ಹುಡುಗರು ಖುಷಿಯಲ್ಲಿ ಬರೆಯುತ್ತಾರೆ, ಬರೆಯಲಿ. ಆದರೆ ಇಂಥ ಪಟ್ಟ ಸಿಗಲು ಹತ್ತು ಹದಿನೈದು ವರ್ಷವಾದರೂ ಬೇಕು ಅಂತ ನನ್ನ ಅನಿಸಿಕೆ. ಅದನ್ನು ಅಳೆಯಲು ನನ್ನದೇ ಒಂದು ಅಳತೆಗೋಲೂ ಇದೆ. ಹೇಳುತ್ತೇನೆ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಭಾನುವಾರ ಮಧ್ಯಾಹ್ನ. ಊಟ ಆಗಿದೆ. ಟಿ.ವಿ.ಯಲ್ಲಿ ಯಾವುದೋ ಹಳೆ ಸಿನಿಮಾ ಬರುತ್ತಿದೆ, ಅರ್ಧ ಆಗಿಹೋಗಿದೆ. ನೀರು ಕುಡಿಯಲು ಎದ್ದವರು ಚೊಂಬು ಹಿಡಿದುಕೊಂಡೇ ನಿಂತು ಒಂದು ಸೀನ್ ನೋಡುತ್ತೀರಿ. ಆಮೇಲೆ ಸೋಫಾದ ಕೈ ಮೇಲೆ ಕೂರುತ್ತೀರಿ. ಇನ್ನೊಂದು ಸೀನ್ ಆಗುವಷ್ಟರಲ್ಲಿ ಕಾಲು ಮಡಚಿ ಪೂರ್ತಿ ಕೂತಾಗಿರುತ್ತದೆ. ಕತೆ ಏನು ಅಂತ ಯಾರನ್ನೂ ಕೇಳುವುದಿಲ್ಲ. "ಆ ಸೀನ್ ಹೋಯ್ತಾ?" ಅಂತ ಮಾತ್ರ ಕೇಳುತ್ತೀರಿ. ಹೋಗಿದ್ದರೆ ಸ್ವಲ್ಪ ಬೇಜಾರು, ಆದರೂ ಏಳುವುದಿಲ್ಲ. ಹೀಗೆ ನಡುವಿನಿಂದ ನೋಡಿದರೂ ನಮ್ಮನ್ನು ಕೂರಿಸಿಕೊಳ್ಳುವುದೇ ನನ್ನ ಲೆಕ್ಕದಲ್ಲಿ ಕಲ್ಟ್.

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವುದು 'ಗಣೇಶನ ಮದುವೆ'. 1990ರ ಸಿನಿಮಾ, ಫಣಿ ರಾಮಚಂದ್ರ ನಿರ್ದೇಶನ. ವಠಾರದಲ್ಲಿ ಒಬ್ಬನೇ ಇರುವ ವೈ.ಜಿ. ರಾವ್ ಆಗಿ ಅನಂತ್‌ನಾಗ್. ಅವನನ್ನು ಕಂಡರಾಗದ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ರಮಣಮೂರ್ತಿಯ ಮಗಳು ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್. ರಾವ್‌ಗೂ ಆದಿಲಕ್ಷ್ಮಿಗೂ ಎಣ್ಣೆ ಸೀಗೇಕಾಯಿ. ಅತ್ತ ರೇಡಿಯೊದಲ್ಲಿ ಹಾಡುವ ಶ್ರುತಿ ಅನ್ನುವವಳ ದನಿಗೆ ರಾವ್ ಮನಸೋತಿರುತ್ತಾನೆ. ಆ ಶ್ರುತಿ ಯಾರು ಅಂತ ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರು ಈ ಬರಹ ಇಲ್ಲಿಗೇ ನಿಲ್ಲಿಸಿ ಮೊದಲು ಸಿನಿಮಾ ನೋಡಿ ಬನ್ನಿ.

ಇದನ್ನು ಎಲ್ಲಿಂದ ಬೇಕಾದರೂ ನೋಡಬಹುದು. ಯಾಕೆಂದರೆ ವಠಾರದ ಜಗಳಕ್ಕೆ ಶುರು ಅಂತ ಇರುವುದೇ ಇಲ್ಲ. ನಲ್ಲಿ ನೀರು, ಒಣಗಲು ಹಾಕಿದ ಬಟ್ಟೆ, ರೇಡಿಯೊ ಸದ್ದು, ರಾತ್ರಿ ಗೇಟು ಹಾಕುವ ಹೊತ್ತು. ಯಾವುದು ಮೊದಲು, ಯಾವುದು ಆಮೇಲೆ ಅಂತ ಅಲ್ಲಿ ಇದ್ದವರಿಗೂ ನೆನಪಿರುವುದಿಲ್ಲ. ನಾನು ಚಿಕ್ಕಂದಿನಲ್ಲಿ ಕೆಲವು ವರ್ಷ ಅಂಥದ್ದೇ ಒಂದು ವಠಾರದಲ್ಲಿದ್ದೆ. ಎದುರುಮನೆಯವರ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ಸಿನಿಮಾದಲ್ಲಿ ಯಾರೂ ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ, ಮಾತಾಡುತ್ತಲೇ ಬರುತ್ತಾರೆ. ನಾವೂ ಹಾಗೇ ಒಳಗೆ ಹೋಗಿಬಿಡುತ್ತೇವೆ.

ಅನಂತ್‌ನಾಗ್ ಕಾಮಿಡಿಯ ಗುಟ್ಟೇನು ಅಂತ ನಾನು ತುಂಬ ಯೋಚಿಸಿದ್ದೇನೆ. ಅವರು ನಗಿಸಲು ಹೋಗುವುದೇ ಇಲ್ಲ. ಮುಖ ಸೊಟ್ಟ ಮಾಡುವುದಿಲ್ಲ, ದನಿ ಎತ್ತರಿಸುವುದಿಲ್ಲ. 1974ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಅಂಕುರ್'ನಲ್ಲಿ ಜಮೀನ್ದಾರನ ಮಗನ ಪುಕ್ಕಲುತನವನ್ನು ಹೇಗೆ ಅಭಿನಯಿಸಿದರೋ, ಇಲ್ಲಿ ಸುಳ್ಳು ಸಿಕ್ಕಿಬಿದ್ದ ಗಂಡಸಿನ ಪುಕ್ಕಲುತನವನ್ನೂ ಅಷ್ಟೇ ನಿಯತ್ತಾಗಿ ಮಾಡುತ್ತಾರೆ. ಸುಳ್ಳು ಹೇಳುವ ಮುಂಚೆ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಹೋಗುತ್ತದಲ್ಲ, ಅಷ್ಟೇ. ಅದನ್ನು ನೋಡಿದರೆ ಮುಂದಿನ ಮಾತು ಕೇಳುವ ಮೊದಲೇ ನಗು ಬರುತ್ತದೆ. ಚಂದ್ರು ಅವರದು ಇದಕ್ಕೆ ಪೂರಾ ಉಲ್ಟಾ. ನಾಟಕದಿಂದ ಬಂದವರು, 'ಮುಖ್ಯಮಂತ್ರಿ' ನಾಟಕವನ್ನು ನೂರಾರು ಸಲ ಆಡಿ ಆ ಹೆಸರನ್ನೇ ಪಡೆದವರು. ಕೊನೆ ಬೆಂಚಿನವನಿಗೂ ಕೇಳಿಸುವ ಸಿಟ್ಟು ಅವರದು. ಒಬ್ಬರು ಕೂಗಾಡಬೇಕು, ಇನ್ನೊಬ್ಬರು ಏನೂ ಗೊತ್ತಿಲ್ಲದವರ ಹಾಗೆ ನಿಂತಿರಬೇಕು. ಇಬ್ಬರೂ ಕೂಗಾಡಿದ್ದರೆ ಸಿನಿಮಾ ಕೆಡುತ್ತಿತ್ತು.

ಇಲ್ಲಿ ಒಂದು ತಕರಾರು ನಾನೇ ತೆಗೆಯುತ್ತೇನೆ. ಮರುವರ್ಷ ಅದೇ ಫಣಿ ರಾಮಚಂದ್ರ 'ಗೌರಿ ಗಣೇಶ' ಮಾಡಿದರು. ಸತ್ತ ಹೆಣ್ಣೊಬ್ಬಳ ಹೆಸರು ಹೇಳಿಕೊಂಡು, ಒಬ್ಬ ಪುಟ್ಟ ಹುಡುಗನನ್ನು ಮುಂದಿಟ್ಟುಕೊಂಡು, ದುಡ್ಡಿರುವ ಗಂಡಸರಿಂದ ಕಾಸು ಕೀಳುವ ಲಂಬೋದರನ ಕತೆ. ನನ್ನ ಪ್ರಕಾರ ಅದು 'ಗಣೇಶನ ಮದುವೆ'ಗಿಂತ ಒಳ್ಳೆ ಸಿನಿಮಾ. ನಗುವಿನ ಅಡಿಯಲ್ಲಿ ಒಂದು ಸಂಕಟ ಇದೆ, ಲಂಬೋದರನ ಮೋಸ ಅವನನ್ನೇ ಸುತ್ತಿಕೊಳ್ಳುತ್ತದೆ. ಆದರೂ ಜನ ಜಾಸ್ತಿ ಸಲ ನೋಡಿರುವುದು 'ಗಣೇಶನ ಮದುವೆ'ಯನ್ನೇ ಅನಿಸುತ್ತದೆ. 'ಗೌರಿ ಗಣೇಶ'ವನ್ನು ಮೊದಲಿಂದ ನೋಡಬೇಕು. ಆ ಹೆಣ್ಣಿನ ವಿಷಯ ಗೊತ್ತಿಲ್ಲದೆ ನಡುವೆ ಬಂದು ಕೂತರೆ ಬರೀ ಕಳ್ಳಾಟ ಕಾಣುತ್ತದೆ, ಸಂಕಟ ಕಾಣುವುದಿಲ್ಲ. ಅಂದರೆ ನನ್ನ ಅಳತೆಗೋಲು ಒಳ್ಳೆಯದು ಯಾವುದು ಅಂತ ಹೇಳುವುದಿಲ್ಲ. ಮನೆಯವರಂತೆ ಉಳಿದುಕೊಳ್ಳುವುದು ಯಾವುದು ಅಂತ ಹೇಳುತ್ತದೆ, ಅಷ್ಟೇ.

ಹಾಡಿನ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಯಾವುದೇ ಊರಿನ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಹೋಗಿ, ಕಾಲೇಜು ಡೇಗೆ ಹೋಗಿ, 'ಸಂತೋಷಕ್ಕೆ ಹಾಡು ಸಂತೋಷಕ್ಕೆ' ಬಾರದೆ ಕಾರ್ಯಕ್ರಮ ಮುಗಿಯುವುದಿಲ್ಲ. ಎಸ್.ಪಿ.ಬಿ. ದನಿ, ಇಳಯರಾಜಾ ಸಂಗೀತ. ಮೊದಲ ಸಾಲು ಬಂದ ತಕ್ಷಣ ಹಿಂದಿನ ಸಾಲಿನ ಮಾವಂದಿರೂ ಎದ್ದು ನಿಲ್ಲುತ್ತಾರೆ. ಈ ಹಾಡು ಇರುವ 'ಗೀತಾ' ಸಿನಿಮಾ (1981, ಶಂಕರ್‌ನಾಗ್ ನಿರ್ದೇಶನ) ಎಂಥದ್ದು? ನಾಯಕಿಗೆ ಕ್ಯಾನ್ಸರ್. ಕಡೆಗೆ ಅತ್ತುಕೊಂಡೇ ಎದ್ದು ಬರಬೇಕಾದ ಸಿನಿಮಾ. ಕುಣಿಯುವವರಲ್ಲಿ ಎಷ್ಟು ಜನಕ್ಕೆ ಅದು ನೆನಪಿದೆ? ನೆನಪಿರಬೇಕಾದ ಅಗತ್ಯವೂ ಇಲ್ಲ ಅನ್ನಿ. ಅದೇ ಸಿನಿಮಾದ 'ಜೊತೆಯಲಿ ಜೊತೆ ಜೊತೆಯಲಿ' ರಾಗವನ್ನು ಇಳಯರಾಜಾ 2007ರ ಹಿಂದಿಯ 'ಚೀನಿ ಕಮ್'ಗೆ ಮತ್ತೆ ಬಳಸಿದರು. ಅಲ್ಲಿ ಶ್ರೇಯಾ ಘೋಷಾಲ್ ಹಾಡಿದ್ದು ಚೆನ್ನಾಗಿಯೇ ಇದೆ. ಆದರೆ ನನ್ನ ಕಿವಿ ಅದನ್ನು ಕೇಳುವಾಗಲೂ ಕನ್ನಡದ ಸಾಲುಗಳನ್ನೇ ತುಂಬಿಕೊಳ್ಳುತ್ತದೆ. ಏನು ಮಾಡುವುದು.

ಶಂಕರ್‌ನಾಗ್ ಹೆಸರು ಬಂದ ಮೇಲೆ ಸುಮ್ನೆ ಮುಂದೆ ಹೋಗಲು ಆಗುವುದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ಇನ್ನೂ 36 ತುಂಬಿರಲಿಲ್ಲ. ಇವತ್ತಿಗೂ ಬೆಂಗಳೂರಿನಲ್ಲಿ ಆಟೋ ಹಿಂದೆ ಅವರ ಚಿತ್ರ ಇರುತ್ತದೆ, ಆಟೋ ನಿಲ್ದಾಣಗಳಿಗೆ ಅವರ ಹೆಸರಿರುತ್ತದೆ. 1980ರ 'ಆಟೋ ರಾಜ' ಒಂದೇ ಇದಕ್ಕೆ ಕಾರಣ ಅಂತ ನನಗೆ ಅನಿಸುವುದಿಲ್ಲ. ನಾನು ಮಾತಾಡಿಸಿದ ಎಷ್ಟೋ ಡ್ರೈವರ್‌ಗಳು ಅವರು ಸತ್ತ ಮೇಲೆ ಹುಟ್ಟಿದವರು. ಅವರಿಗೆ ಶಂಕರಣ್ಣ ಅಂದರೆ ಸಿನಿಮಾಗಿಂತ ಹೆಚ್ಚಾಗಿ ಒಂದು ಅವಸರ. ಮೆಟ್ರೋ ಬೇಕು ಅಂದರಂತೆ, ನಂದಿ ಬೆಟ್ಟಕ್ಕೆ ರೋಪ್‌ವೇ ಬೇಕು ಅಂದರಂತೆ, ನಿದ್ದೆನೇ ಮಾಡುತ್ತಿರಲಿಲ್ಲವಂತೆ. ಎಲ್ಲ 'ಅಂತೆ'ಗಳೇ, ಆದರೆ ಹೇಳುವಾಗ ಮೀಟರ್ ಕಡೆ ನೋಡುವುದನ್ನೂ ಮರೆಯುತ್ತಾರೆ.

ಅವರು ಬಿಟ್ಟುಹೋದದ್ದರಲ್ಲಿ ನನ್ನ ಮಟ್ಟಿಗೆ ದೊಡ್ಡದು 'ಮಾಲ್ಗುಡಿ ಡೇಸ್'. 1986ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದದ್ದು, ಟಿ.ವಿ.ಯಲ್ಲಿ ಬಂದದ್ದು ಹಿಂದಿಯಲ್ಲಿ, ಚಿತ್ರೀಕರಣ ಆಗುಂಬೆಯಲ್ಲಿ, ಮುಖಗಳೆಲ್ಲ ನಮ್ಮವೇ. ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಒಂದು ಕಂತಿನಲ್ಲಿ ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಗುಮಾಸ್ತನಾಗಿ ವಿಷ್ಣುವರ್ಧನ್ ಬರುತ್ತಾರೆ. ಸ್ಟಾರ್ ಅನ್ನುವ ಸುಳಿವೇ ಇಲ್ಲ, ಆಫೀಸಿನಿಂದ ತಡವಾಗಿ ಮನೆಗೆ ಬರುವ ಒಬ್ಬ ಬಡಪಾಯಿ. ನಮ್ಮ ಮನೆಯಲ್ಲಿ ಹಿಂದಿ ಅಷ್ಟಕ್ಕಷ್ಟೇ. ಆದರೂ ಅಜ್ಜಿಯಿಂದ ಹಿಡಿದು ಎಲ್ಲರೂ ನೋಡುತ್ತಿದ್ದರು. ಜಗಲಿ, ಕಂಬ, ಹೆಂಚಿನ ಮಾಡು, ಮಳೆಗೆ ಕಪ್ಪಾದ ಗೋಡೆ. ಇಷ್ಟಕ್ಕೆ ಯಾವ ಭಾಷೆ ಬೇಕು? 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದಾಗ ಖುಷಿಯಿಂದಲೇ ಕೂತೆ. ಸ್ವಲ್ಪ ಹೊತ್ತಿಗೆ ಏನೋ ತಪ್ಪಿದ ಹಾಗನಿಸಿತು. ಇಷ್ಟು ವರ್ಷ ಹಿಂದಿ ಕೇಳುತ್ತಾ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ನೋಡಿದ್ದು, ಈಗ ನನ್ನ ಕನ್ನಡಕ್ಕೂ ಅವರ ಕನ್ನಡಕ್ಕೂ ತಾಳೆಯಾಗಲಿಲ್ಲ.

ಎಲ್.ವೈದ್ಯನಾಥನ್ ಮಾಡಿದ ಆ ಟೈಟಲ್ ಸಂಗೀತವನ್ನು ಇಲ್ಲಿ ಬರೆದು ತೋರಿಸಲು ಆಗುವುದಿಲ್ಲ, ನೀವಾಗಲೇ ಗುನುಗಲು ಶುರುಮಾಡಿರುತ್ತೀರಿ. ಆರ್.ಕೆ. ಲಕ್ಷ್ಮಣ್ ಗೆರೆಗಳು ಬರುತ್ತವೆ, ಆ ಮಾತಿಲ್ಲದ ಹಾಡು ಬರುತ್ತದೆ, ಅಷ್ಟಕ್ಕೇ ಅರ್ಧ ಕೆಲಸ ಮುಗಿದಿರುತ್ತದೆ. ಕತೆ ಅನ್ನುವುದು ಆಮೇಲಿನ ಮಾತು. ನಾರಾಯಣ್ ಬರೆದ ಮಾವಿನಹಣ್ಣಿನ ಲೆಕ್ಕ ನೆನಪಿದೆಯಾ? ಇಷ್ಟು ಹಣ್ಣಿಗೆ ಇಷ್ಟು ದುಡ್ಡಾದರೆ ಅಷ್ಟಕ್ಕೆ ಎಷ್ಟು ಅಂತ ಅಪ್ಪ ಕೇಳುತ್ತಾರೆ. ಹುಡುಗನಿಗೆ ಆ ಹಣ್ಣು ಮಾಗಿದೆಯೋ ಇಲ್ಲವೋ ಅನ್ನುವುದೇ ಚಿಂತೆ. ಅಲ್ಲಿಗೆ ಹಿಂದೆ ಏನಾಗಿತ್ತು, ಮುಂದೆ ಏನಾಗುತ್ತದೆ, ಏನೂ ಬೇಡ. ಶಿವಮೊಗ್ಗ ಕಡೆಯ ಅರಸಾಳು ರೈಲ್ವೆ ನಿಲ್ದಾಣವೂ ಆ ಧಾರಾವಾಹಿಯಲ್ಲಿದೆ. ಈಗ ಅಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಮಾಡಿದ್ದಾರೆ. ಜನ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇಲ್ಲದ ಊರಿಗೆ ಇರುವ ಸ್ಟೇಷನ್, ಚೆನ್ನಾಗಿದೆ ಅಲ್ವಾ?

ಟಿ.ವಿ. ಕಾಮಿಡಿಗೆ ಬಂದರೆ ನನ್ನ ಓಟು ಕಣ್ಣು ಮುಚ್ಚಿಕೊಂಡು 'ಸಿಲ್ಲಿ ಲಲ್ಲಿ'ಗೆ. ಈಟಿವಿ ಕನ್ನಡದಲ್ಲಿ ಬರುತ್ತಿತ್ತು, ವಿಜಯಪ್ರಸಾದ್ ನಿರ್ದೇಶನ. ಡಾ. ವಿಠಲ್ ರಾವ್ ಆಗಿ ರವಿಶಂಕರ್, ಸಮಾಜ ಸೇವಕಿ ಲಲಿತಾಂಬ ಆಗಿ ಮಂಜುಭಾಷಿಣಿ. ಒಬ್ಬೊಬ್ಬರಿಗೂ ಒಂದೊಂದೇ ಹುಚ್ಚು. ಡಾಕ್ಟರಿಗೆ ತಾನು ದೊಡ್ಡ ಡಾಕ್ಟರ್ ಅನ್ನುವ ಹುಚ್ಚು, ಹೆಂಡತಿಗೆ ಸಮಾಜದ ಹುಚ್ಚು. ಇಬ್ಬರ ಹುಚ್ಚು ಒಂದೇ ಹಾಲ್‌ನಲ್ಲಿ ಎದುರಾದರೆ ಸಾಕು, ಬೇರೆ ಕತೆ ಬೇಡ. ಅದೇ ಹೊತ್ತಿನ 'ಪಾಪ ಪಾಂಡು' ಕೂಡ ಭಾರೀ ಜನಪ್ರಿಯ, ಸಿಹಿಕಹಿ ಚಂದ್ರು ಮಾಡಿದ್ದು. ನನಗ್ಯಾಕೋ ಅದು ಬೇಗ ಸಾಕಾಗುತ್ತದೆ. ಗಂಡನಿಗೆ ಹೆಂಡತಿ ಬಾರಿಸುವುದು ಒಂದು ಕಂತಿಗೆ ನಗು, ಹತ್ತು ಕಂತಿಗೆ ಅಭ್ಯಾಸ. ಶಾಲಿನಿಯವರ ಟೈಮಿಂಗ್ ಇಲ್ಲದಿದ್ದರೆ ಅದು ಅಷ್ಟು ದಿನ ನಡೆಯುತ್ತಲೇ ಇರಲಿಲ್ಲ ಅನ್ನುವುದು ನನ್ನ ವಾದ. ನನ್ನ ತಂಗಿ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ನನಗೆ ಚಿದಾನಂದ್ ಅವರ ಪಾಂಡು ಅರ್ಥವೇ ಆಗಿಲ್ಲ.

ಇವಕ್ಕೆಲ್ಲ ಹಿಂದೆ ಕ್ಯಾಸೆಟ್ ಇತ್ತು. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ನಾನು ಮೊದಲು ಕೇಳಿದ್ದು, ನೋಡಿದ್ದಲ್ಲ. ಮದುವೆ ಮನೆಯ ಅಡುಗೆಯವರು ತರಕಾರಿ ಹೆಚ್ಚುತ್ತಾ ಟೇಪ್ ರೆಕಾರ್ಡರ್‌ನಲ್ಲಿ ಹಾಕಿಕೊಂಡಿದ್ದರು. ಎರಡನೇ ಬದಿ ಮೊದಲು, ಮೊದಲನೇ ಬದಿ ಆಮೇಲೆ. ಯಾರಿಗೂ ಅದು ಕೊರತೆ ಅನಿಸಲಿಲ್ಲ. ಅವರು ನಾಟಕದಲ್ಲಿ ಅವತ್ತಿನ ಪೇಪರ್‌ನ ಸುದ್ದಿಯನ್ನೆಲ್ಲ ಎಳೆದು ತರುತ್ತಿದ್ದರು, ಮಂತ್ರಿಗಳು ಎದುರಿಗೇ ಕೂತಿದ್ದರೂ ಬಿಡುತ್ತಿರಲಿಲ್ಲ. ಕ್ಯಾಸೆಟ್‌ನಲ್ಲಿ ಆ ಹೆಸರುಗಳು ಹಳತಾಗಿದ್ದವು, ಲಂಚ ಹಳತಾಗಿರಲಿಲ್ಲ.

ಇನ್ನು ಉಪೇಂದ್ರ. ಅವರ ವಿಷಯಕ್ಕೆ ಬಂದರೆ ನನ್ನ ಅಳತೆಗೋಲಿಗೆ ಸ್ವಲ್ಪ ಕಷ್ಟ. 1995ರ 'ಓಂ' ಸಲೀಸಾಗಿ ಪಾಸಾಗುತ್ತದೆ. ಶಿವರಾಜ್‌ಕುಮಾರ್ ಕೈಗೆ ಲಾಂಗ್ ಬಂದ ಸಿನಿಮಾ, ನಿಜವಾದ ರೌಡಿಗಳೇ ಬಂದು ನಟಿಸಿದ ಸಿನಿಮಾ. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿದೆ. ಬಹಳ ವರ್ಷ ಟಿ.ವಿ.ಯಲ್ಲಿ ಬರಲೇ ಇಲ್ಲ, ಬೇಕಿದ್ದರೆ ಥಿಯೇಟರ್‌ಗೇ ಹೋಗಬೇಕಿತ್ತು. ಗಾಂಧಿನಗರದ ಕಪಾಲಿ ಇನ್ನೂ ಇದ್ದ ಕಾಲ. ಮರುಬಿಡುಗಡೆಯ ಮ್ಯಾಟಿನಿಗೆ ಜನ ತಡವಾಗಿಯೇ ಬರುತ್ತಿದ್ದರು. ಕತ್ತಲಲ್ಲಿ ಸೀಟು ಹುಡುಕುತ್ತಲೇ ಮುಂದಿನ ಡೈಲಾಗ್ ಹೇಳುತ್ತಾ ಬರುತ್ತಿದ್ದರು. ಡಾ. ರಾಜ್ ದನಿಯ 'ಹೇ ದಿನಕರ' ಬಂದಾಗ ಮಾತ್ರ ಇಡೀ ಹಾಲ್ ತೆಪ್ಪಗಾಗುತ್ತಿತ್ತು.

1998ರ 'A' ಇದಕ್ಕೆ ವಿರುದ್ಧ. 'ಬುದ್ಧಿವಂತರಿಗೆ ಮಾತ್ರ' ಅಂತ ಹಾಕಿಕೊಂಡೇ ಬಂದ ಸಿನಿಮಾ. ಕತೆ ಹಿಂದೆ ಮುಂದೆ ಓಡುತ್ತದೆ. ನಡುವಿನಿಂದ ನೋಡಿದರೆ ಅರ್ಥವಾಗುವುದಿಲ್ಲ, ನಿಜ. ಮೊದಲಿಂದ ನೋಡಿದವರಿಗೆ ಎಷ್ಟು ಅರ್ಥವಾಗಿತ್ತು ಅನ್ನುವುದೂ ಪ್ರಶ್ನೆಯೇ. ನಮ್ಮ ಕಾಲೇಜಿನಲ್ಲಿ ಎಲ್ಲರೂ ಎರಡೆರಡು ಸಲ ನೋಡಿ ಬಂದು ಒಬ್ಬರಿಗೊಬ್ಬರು ವಿವರಿಸುತ್ತಿದ್ದೆವು. ಒಬ್ಬೊಬ್ಬನ ಕತೆ ಒಂದೊಂದು ಥರ. ಈಗ ನೋಡಿದರೆ ಹೆಂಗಸರ ಬಗ್ಗೆ ಅದರಲ್ಲಿರುವ ಎಷ್ಟೋ ಮಾತು ಚುಚ್ಚುತ್ತವೆ, ಆಗ ನಾವು ಅದಕ್ಕೇ ಶಿಳ್ಳೆ ಹೊಡೆದಿದ್ದೆವು. ಆದರೆ ಕನ್ನಡದ ಮಾಸ್ ಪ್ರೇಕ್ಷಕನನ್ನು ತಲೆ ಕೆರೆದುಕೊಳ್ಳುವಂತೆ ಮಾಡಿ, ಅವನಿಂದಲೇ ಮತ್ತೆ ಟಿಕೆಟ್ ತೆಗೆಸಿದ ಧೈರ್ಯ ಸಣ್ಣದಲ್ಲ.

ಹದಿನಾರು ವರ್ಷದ ಮೇಲೆ ಅಂಥದೇ ಧೈರ್ಯ ಮಾಡಿದ್ದು ರಕ್ಷಿತ್ ಶೆಟ್ಟಿ. 2014ರ 'ಉಳಿದವರು ಕಂಡಂತೆ'. ಮಲ್ಪೆಯ ಕಡಲು, ಅಷ್ಟಮಿಯ ದಿನ, ಒಂದೇ ಘಟನೆಯನ್ನು ಬೇರೆ ಬೇರೆಯವರು ಕಂಡ ಬಗೆ. ಥಿಯೇಟರ್‌ನಲ್ಲಿ ಓಡಲಿಲ್ಲ. ನಾನು ನೋಡಿದ ಶೋನಲ್ಲಿ ಇಂಟರ್ವಲ್ ಆದ ಮೇಲೆ ಅರ್ಧ ಜನ ವಾಪಸ್ ಬರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಅದೇ. ಅಧ್ಯಾಯ ಅಧ್ಯಾಯವಾಗಿ ಇರುವುದು ಅದಕ್ಕೆ ಥಿಯೇಟರ್‌ನಲ್ಲಿ ಹೊರೆಯಾಯಿತು, ಮನೆಯಲ್ಲಿ ವರವಾಯಿತು ಅಂತ ನನಗನಿಸುತ್ತದೆ. ಇವತ್ತು ಮುನ್ನನ ಭಾಗ ಮಾತ್ರ ನೋಡಿ ಮಲಗಬಹುದು. ಕಿಶೋರ್ ಅಲ್ಲಿ ಮಾತಾಡುವುದೇ ಕಡಿಮೆ. ಮೀನುಗಾರನ ದೊಡ್ಡ ಮೈ, ಶಾರದೆಯ ಎದುರು ಏನು ಮಾಡಬೇಕೆಂದು ಗೊತ್ತಾಗದ ಕೈ. ಇನ್ನೊಂದು ದಿನ ಹುಲಿವೇಷಕ್ಕಾಗಿಯೇ ಹಾಕಬಹುದು. ತಾಸೆ ಸದ್ದು, ಅಜನೀಶ್ ಲೋಕನಾಥ್ ಸಂಗೀತ, ರಕ್ಷಿತ್ ತಾವೇ ಮಾಡಿದ ರಿಚ್ಚಿಯ ನಡಿಗೆ. ಆ ಕಡೆಯ ಕನ್ನಡವನ್ನು ಅಲ್ಲಿಯವರೆಗೆ ನಮ್ಮ ಸಿನಿಮಾ ಬಹುತೇಕ ಅಡುಗೆಭಟ್ಟರ ಜೋಕಿಗೇ ಇಟ್ಟುಕೊಂಡಿತ್ತು. ಇಲ್ಲಿ ಅದೇ ಕನ್ನಡದಲ್ಲಿ ಒಬ್ಬ ಹೆದರಿಸುತ್ತಾನೆ, ಒಬ್ಬಳು ತಾಯಿ ಕಾಯುತ್ತಾಳೆ. ಕಾದು ಕೂರುವ ಆ ರತ್ನಕ್ಕನಾಗಿ ತಾರಾ ಅವರನ್ನು ನೋಡಿ. ಮುಖ್ಯ ಸಾಲಿನಲ್ಲಿ ಅವರ ಹೆಸರು ಯಾರೂ ಹೇಳುವುದಿಲ್ಲ, ಎಲ್ಲರೂ ರಿಚ್ಚಿ ರಿಚ್ಚಿ ಅನ್ನುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ದೊಡ್ಡ ತೂತು ಕೊರೆಯುವುದು 'ಮಾಯಾಮೃಗ'. 1998ರಲ್ಲಿ ಚಂದನದಲ್ಲಿ ಬಂದ ಧಾರಾವಾಹಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಅದನ್ನು ನಡುವಿನಿಂದ ನೋಡಿದರೆ ಏನೂ ಸಿಗುವುದಿಲ್ಲ. ಯಾರಿಗೆ ಯಾರು ಏನಾಗಬೇಕು ಅಂತ ತಿಳಿಯಲೇ ಒಂದು ವಾರ ಬೇಕು. ಆದರೂ ಯೂಟ್ಯೂಬ್‌ಗೆ ಬಂದಾಗ ನನ್ನ ಅಮ್ಮ, ಚಿಕ್ಕಮ್ಮ, ಅವರ ಗೆಳತಿಯರು ಎಲ್ಲ ಮೊದಲನೇ ಕಂತಿನಿಂದ ಹಿಡಿದು ಕೂತರು. ಅಮೆರಿಕದಲ್ಲಿರುವ ಅತ್ತೆ ಅಲ್ಲಿಂದಲೇ ಫೋನ್ ಮಾಡಿ, "ಎಷ್ಟನೇದ್ರಲ್ಲಿದ್ದೀರೇ?" ಅಂತ ಕೇಳುತ್ತಿದ್ದರು. ಇದನ್ನು ನನ್ನ ಅಳತೆಗೋಲಿಗೆ ಹೇಗೆ ಹೊಂದಿಸುವುದು? ಸ್ವಲ್ಪ ಎಳೆದಾಡಿ ಹೇಳಬಹುದು. ಅವರೆಲ್ಲ ಅದನ್ನು ಇಪ್ಪತ್ತು ವರ್ಷದ ಹಿಂದೆಯೇ ಶುರುಮಾಡಿದ್ದವರು, ನಡುವೆ ಮದುವೆ ಮಕ್ಕಳು ಅಂತ ಎದ್ದು ಹೋಗಿದ್ದರು ಅಂತ. ಅಮ್ಮನಿಗೆ ಹೇಳಿದೆ. "ನಿನ್ನ ತಲೆ" ಅಂದರು.

'ಗುಡ್ಡದ ಭೂತ'ದ ಕತೆ ಇನ್ನೊಂದು. ಸದಾನಂದ ಸುವರ್ಣ ಮಾಡಿದ್ದು, ಪ್ರಕಾಶ್ ರೈ ಇದ್ದರು, ತೊಂಬತ್ತರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಬಂತು. ಆಮೇಲೆ ಬಹಳ ವರ್ಷ ಅದು ನೋಡಲು ಸಿಗಲೇ ಇಲ್ಲ. 'ಡೆನ್ನಾನ ಡೆನ್ನಾನ' ಹಾಡು ಮತ್ತು ಹೆದರಿಕೆ, ಎರಡೇ ಉಳಿದಿದ್ದವು. ಆ ಹಾಡು ಬಂದರೆ ನಾನು ಅಜ್ಜಿಯ ಸೀರೆ ಹಿಂದೆ. 2015ರ 'ರಂಗಿತರಂಗ' ಆ ಡೆನ್ನಾನವನ್ನು ಮತ್ತೆ ಕೇಳಿಸಿದಾಗ ಥಿಯೇಟರ್‌ನಲ್ಲಿ ನನ್ನ ವಯಸ್ಸಿನವರೆಲ್ಲ ಒಟ್ಟಿಗೆ 'ಓಹ್' ಅಂದದ್ದು ನೆನಪಿದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗರು ಏನಾಯಿತು ಅಂತ ತಿರುಗಿ ನೋಡಿದರು.

ಈಗ ರೀಲ್ಸ್ ಕಾಲ. ಎಲ್ಲವೂ ನಡುವಿನಿಂದಲೇ ಶುರು, ನಡುವಲ್ಲೇ ಮುಗಿತಾಯ. ಹಾಗಾದರೆ ಎಲ್ಲವೂ ಕಲ್ಟೇ ಅಂತ ನನ್ನ ಗೆಳೆಯನೊಬ್ಬ ಗೇಲಿ ಮಾಡಿದ. ಹಾಗಲ್ಲ. 2015ರ 'ತಿಥಿ'ಯ ಮೊದಲ ಸೀನ್ ನೋಡಿ. ಮಂಡ್ಯ ಕಡೆಯ ಹಳ್ಳಿ, ನೂರು ದಾಟಿದ ಸೆಂಚುರಿ ಗೌಡ ಬೀದಿ ಬದಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಆಮೇಲೆ ಎದ್ದು ನಾಲ್ಕು ಹೆಜ್ಜೆ ಹಾಕಿ ಸತ್ತೇ ಹೋಗುತ್ತಾನೆ. ಅದೂ ಮೊಬೈಲ್‌ನಲ್ಲಿ ತುಂಡಾಗಿ ಓಡಾಡುತ್ತದೆ. ಆದರೆ ಆ ತುಂಡು ನೋಡಿದವರು ಮುಂದೇನಾಯಿತು ಅಂತ ಹುಡುಕಿಕೊಂಡು ಹೋಗುತ್ತಾರೆ. ಸುಮ್ಮನೆ ನಡೆಯುತ್ತಾ, ಕುಡಿಯುತ್ತಾ, ಜಮೀನು ಯಾರಿಗೆ ಹೋದರೆ ನನಗೇನು ಅನ್ನುವ ಗಡ್ಡ‍ಪ್ಪ ಸಿಗುತ್ತಾನೆ. ಆಮೇಲೆ ಪೂರ್ತಿ ಸಿನಿಮಾ ನೋಡದೆ ಬಿಡುವುದಿಲ್ಲ. ಉಳಿದ ರೀಲ್ಸ್ ಬೆರಳ ತುದಿಯಲ್ಲೇ ಹೋಗುತ್ತವೆ.

ಹುಡುಕಿಕೊಂಡು ಹೋದರೆ ಸಿಗುವುದು ಏನು ಅನ್ನುವುದು ಬೇರೆ ಗೋಳು. ಮೊನ್ನೆ ಶಂಕರ್‌ನಾಗ್ ಅವರ ಮೊದಲ ನಿರ್ದೇಶನದ 'ಮಿಂಚಿನ ಓಟ' ನೋಡೋಣ ಅಂತ ಹಾಕಿದೆ. ಚಿತ್ರ ಮಸುಕು, ಮೂಲೆಯಲ್ಲಿ ಯಾರದೋ ಲೋಗೊ, ಲೋಕನಾಥ್ ಮುಖದ ಮೇಲೇ ಜಾಹೀರಾತಿನ ಪಟ್ಟಿ. 'ಆಕ್ಸಿಡೆಂಟ್' ಇನ್ನೂ ಕಷ್ಟ. ಕುಡಿದು ಕಾರು ಓಡಿಸಿ ಫುಟ್‌ಪಾತ್‌ನಲ್ಲಿ ಮಲಗಿದವರ ಮೇಲೆ ಹತ್ತಿಸಿದ ರಾಜಕಾರಣಿಯ ಮಗನ ಕತೆ ಅದು, ಎಂಬತ್ತರ ದಶಕದ್ದು ಅಂತ ಯಾರಿಗೂ ಅನಿಸುವುದಿಲ್ಲ. ರಾತ್ರಿಯ ದೃಶ್ಯಗಳೇ ಜಾಸ್ತಿ, ನಾನು ನೋಡಿದ ಕಾಪಿಯಲ್ಲಿ ಕಾರಿನ ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಒಳ್ಳೆ ಪ್ರಿಂಟ್ ಎಲ್ಲಾದರೂ ಹಾಕಿದ್ದಾರೆ ಅಂತ ನಿಮಗೆ ಗೊತ್ತಿದ್ದರೆ ಕೆಳಗೆ ತಿಳಿಸಿ. ದುಡ್ಡು ಕೊಟ್ಟು ನೋಡಲೂ ತಯಾರಿದ್ದೇನೆ.